ಸೇನಾ ಲಾರಿಗೆ ಗಾಳಿ ಎಷ್ಟು, ವೇಗ ಎಷ್ಟು?

ಪಿಎಸ್‌ಐ ಎಂದರೆ ಕರ್ನಾಟಕದಲ್ಲಿ ಯಾರಿಗಾದರೂ ಮೊದಲು ನೆನಪಾಗುವುದು ಠಾಣೆಯ ಸಬ್‌ ಇನ್‌ಸ್ಪೆಕ್ಟರ್. ಚೆನ್ನೈನ ಉತ್ತರಕ್ಕೆ, ಎನ್ನೂರು, ತಿರುವೊಟ್ರಿಯೂರು, ಮಣಲಿ ಕಡೆ ಓಡಾಡುವವರಿಗೆ ಅದು ಟೈರಿನ ಗಾಳಿಯ ಅಳತೆ. ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡ್ ಒತ್ತಡ ಎಂಬ ಲೆಕ್ಕ. ಪಂಕ್ಚರ್ ಅಂಗಡಿಯವರು ಇನ್ನೂ ಸುಲಭ ಮಾಡಿಕೊಂಡು ಬರೀ ‘ಪೌಂಡ್’ ಅನ್ನುತ್ತಾರೆ. ಕಾರಿಗೆ ಮೂವತ್ತು ಚಿಲ್ಲರೆ, ಲಾರಿಗೆ ನೂರರ ಮೇಲೆ. ಹೆಚ್ಚಿನವರ ಲೆಕ್ಕ ಅಲ್ಲಿಗೆ ಮುಗಿಯುತ್ತದೆ.

ನಾನು ಹಾಸನ ಜಿಲ್ಲೆಯವನು. ಎಂಟೆಕ್ ಮುಗಿಸಿ ಚೆನ್ನೈಗೆ ಬಂದು ಒಂಬತ್ತು ವರ್ಷವಾಯಿತು. ಲಾರಿ, ಬಸ್ಸುಗಳ ಚಕ್ರದೊಳಗೆ ಕೂರುವ ಪುಟ್ಟ ಸೆನ್ಸರ್‌ಗಳು ಕಳಿಸುವ ಒತ್ತಡ, ಉಷ್ಣತೆಯ ಅಂಕಿಗಳನ್ನು ಚಾಲಕನ ಮುಂದಿನ ಪರದೆಗೆ ತಲುಪಿಸುವ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಕಳೆದ ವರ್ಷ ಒಬ್ಬರು ಗ್ರಾಹಕರು ಬಂದರು. ಸೇನೆ ಹರಾಜು ಹಾಕಿದ ಹಳೆಯ ಲಾರಿಗಳನ್ನು, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ 4×4 ಲಾರಿಗಳನ್ನು ಕೊಂಡು, ಕ್ವಾರಿ, ವಿದ್ಯುತ್ ಗೋಪುರ, ಪ್ರವಾಹ ಪರಿಹಾರದ ಕೆಲಸಗಳಿಗೆ ಬಾಡಿಗೆ ಕೊಡುವವರು. ಅವರ ಬೇಡಿಕೆ ಸರಳವಾಗಿತ್ತು: ‘ಒಂದು ನಂಬರ್ ಹೇಳಿ ಸರ್. ಅದಕ್ಕಿಂತ ಕೆಳಗಿಳಿದರೆ ಕೆಂಪು ದೀಪ, ಮೇಲಿದ್ದರೆ ಹಸಿರು. ಅಷ್ಟು ಸಾಕು.’

ಅಂಥ ಒಂದು ನಂಬರ್ ಇಲ್ಲ ಎಂದು ಅವರನ್ನು ಒಪ್ಪಿಸಲು ಮೂರು ಮೀಟಿಂಗ್ ಬೇಕಾಯಿತು. ಆ ಮೀಟಿಂಗುಗಳಿಗೆ ನಾನು ಹೊತ್ತುಕೊಂಡು ಹೋದ ಸರಕನ್ನೇ ಇಲ್ಲಿ ಇಳಿಸುತ್ತಿದ್ದೇನೆ.

ಈ ಮಾತಿಗೆ ಚೆನ್ನೈಗಿಂತ ತಕ್ಕ ಊರು ಸಿಗುವುದು ಕಷ್ಟ. 1948ರಲ್ಲಿ ಅಶೋಕ್ ಮೋಟರ್ಸ್ ಎಂದು ಶುರುವಾಗಿ ಮುಂದೆ ಅಶೋಕ್ ಲೇಲ್ಯಾಂಡ್ ಆದ ಕಂಪನಿ ಎನ್ನೂರಿನದು. ನಮ್ಮ ಸೇನೆಯ ಸಾಗಾಣಿಕೆಯ ಬೆನ್ನೆಲುಬಾದ ಸ್ಟಾಲಿಯನ್ ಲಾರಿ ಅವರ ವಿನ್ಯಾಸ. ಬಿಡಿಭಾಗಗಳು ಅವರಿಂದ ಹೋಗಿ ಜಬಲ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ಸಾವಿರಾರು ಲಾರಿಗಳಾಗಿ ಎದ್ದು ನಿಂತಿವೆ. ಪಶ್ಚಿಮಕ್ಕೆ ಆವಡಿಯಲ್ಲಿ ಟ್ಯಾಂಕ್ ಕಟ್ಟುವ ಕಾರ್ಖಾನೆ ಇದೆ, ಯುದ್ಧವಾಹನಗಳ ಸಂಶೋಧನಾ ಸಂಸ್ಥೆ ಇದೆ. ತಿರುವೊಟ್ರಿಯೂರಿನ ಒಂದು ಶೆಡ್ಡಿನಲ್ಲಿ ಮಕ್ಕಳ ಬಲೂನು ಮಾಡುತ್ತಿದ್ದ ಎಂಆರ್‌ಎಫ್ ಇಂದು ದೊಡ್ಡ ಟೈರ್ ಕಂಪನಿ. ಒರಗಡಂ, ಶ್ರೀಪೆರಂಬದೂರು ಸುತ್ತಮುತ್ತ ಟೈರ್ ಕಾರ್ಖಾನೆಗಳ ಸಾಲೇ ಇದೆ, ವಾಹನಗಳನ್ನು ಪರೀಕ್ಷಿಸುವ ಟ್ರ್ಯಾಕ್ ಕೂಡ ಒರಗಡಂನಲ್ಲೇ ಇದೆ. ನಮ್ಮವರಿಗೂ ಇದು ಹೊಸ ಲೋಕವಲ್ಲ. ಮೈಸೂರಿನ ವಿಕ್ರಾಂತ್ ಟೈರ್ಸ್ ಕರ್ನಾಟಕ ಸರ್ಕಾರದ್ದೇ ಆಗಿತ್ತು, 1997ರಲ್ಲಿ ಜೆಕೆ ಟೈರ್ಸ್ ಕೈಗೆ ಹೋಯಿತು. ಟಾಟ್ರಾ ಎಂಬ ಚೆಕ್ ಮೂಲದ ದೈತ್ಯ ಲಾರಿಗಳನ್ನು ಸೇನೆಗೆ ಕೊಟ್ಟದ್ದು ಬೆಂಗಳೂರಿನ ಬಿಇಎಂಎಲ್.

ಸ್ಟಾಲಿಯನ್ನಿನ ವಿವರ ನೋಡಿದರೆ ಮೊದಲ ಸಾಲಿನಲ್ಲೇ ಒಂದು ಸುಳಿವು ಸಿಗುತ್ತದೆ. ಅದನ್ನು ‘5/7.5 ಟನ್’ ಲಾರಿ ಎಂದು ಕರೆಯುತ್ತಾರೆ. ಒಳ್ಳೆಯ ರಸ್ತೆಯಲ್ಲಿ ಏಳೂವರೆ ಟನ್, ರಸ್ತೆಯೇ ಇಲ್ಲದ ಕಡೆ ಐದು ಟನ್. ಲಾರಿ ಅದೇ, ಎಂಜಿನ್ ಅದೇ, ನೆಲ ಬದಲಾದರೆ ಹೊರುವ ಭಾರ ಬದಲು. ಭಾರ ಬದಲಾದ ಮೇಲೆ ಗಾಳಿ ಮಾತ್ರ ಅಷ್ಟೇ ಇರಲಿ ಎಂದರೆ ಹೇಗೆ?

ಭಾರ ಹೊರುವುದು ರಬ್ಬರ್ ಎಂದು ನಾವು ಅಂದುಕೊಳ್ಳುತ್ತೇವೆ. ನಿಜವಾಗಿ ಹೊರುವುದು ಗಾಳಿ. ರಬ್ಬರು, ಒಳಗಿನ ತಂತಿ, ನೂಲು ಆ ಗಾಳಿಯನ್ನು ಕಟ್ಟಿಹಾಕುವ ಚೀಲ. ಒಂದು ಚಕ್ರದ ಮೇಲೆ 3,000 ಕಿಲೋ ಇದೆ, ಒಳಗೆ 100 ಪೌಂಡ್ ಗಾಳಿ ಇದೆ ಎನ್ನಿ. 100 ಪೌಂಡ್ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 7 ಕಿಲೋ. ಭಾಗಿಸಿದರೆ ಟೈರು ನೆಲಕ್ಕೆ ತಾಗುವ ಜಾಗ ಸುಮಾರು 430 ಚದರ ಸೆಂಟಿಮೀಟರ್, ಅಂದರೆ ಒಂದು ಎ4 ಹಾಳೆಯ ಮೂರನೇ ಎರಡು ಭಾಗ. ಗಾಳಿಯನ್ನು 35 ಪೌಂಡಿಗೆ ಇಳಿಸಿದರೆ ಅದೇ ಚಕ್ರ ಹೆಚ್ಚುಕಡಿಮೆ ಎರಡು ಹಾಳೆಯಷ್ಟು ಜಾಗಕ್ಕೆ ಹರಡಿಕೊಳ್ಳುತ್ತದೆ. ಟೈರಿನ ಗೋಡೆಯ ಬಿಗುವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅಂಕಿ ಸ್ವಲ್ಪ ಅತ್ತಿತ್ತ ಆಗಬಹುದು, ಲೆಕ್ಕದ ದಿಕ್ಕು ಬದಲಾಗದು. ಹರಡಿದ ಪಾದ ಕೆಸರಲ್ಲಿ, ಮರಳಲ್ಲಿ ಹೂತುಹೋಗುವುದಿಲ್ಲ. ಡಾಂಬರಿನ ಮೇಲೆ ಅದೇ ಹರಡಿದ ಪಾದವೇ ಅಪಾಯ.

ಯಾಕೆ ಅಂದರೆ, ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೊಮ್ಮೆ ಮಡಿಸಿ ಬಿಡಿಸಿಕೊಳ್ಳುತ್ತದೆ. ಲಾರಿ ಟೈರಿನ ಸುತ್ತಳತೆ ಮೂರು ಮೀಟರಿಗಿಂತ ಸ್ವಲ್ಪ ಹೆಚ್ಚು. 60 ಕಿಲೋಮೀಟರ್ ವೇಗದಲ್ಲಿ ಒಂದು ಗಂಟೆ ಓಡಿದರೆ ಸುಮಾರು 18,000 ಸುತ್ತು, 18,000 ಮಡಿಕೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಮುರಿಯುವಾಗ ಕೈಗೆ ಬಿಸಿ ತಟ್ಟುತ್ತದಲ್ಲ, ಇಲ್ಲಿಯೂ ಹಾಗೆಯೇ. ಗಾಳಿ ಕಡಿಮೆ ಇದ್ದಷ್ಟೂ ಮಡಿಕೆ ಆಳ, ವೇಗ ಹೆಚ್ಚಿದಷ್ಟೂ ಮಡಿಕೆಗಳ ಸಂಖ್ಯೆ ಹೆಚ್ಚು. ಎರಡೂ ಕೂಡಿದರೆ ಹುಟ್ಟುವ ಬಿಸಿ ಹೊರಗೆ ಹೋಗುವುದಕ್ಕಿಂತ ಬೇಗ ಒಳಗೆ ಸೇರುತ್ತದೆ. ಒಂದು ಹಂತ ದಾಟಿದ ಮೇಲೆ ರಬ್ಬರು ಉಕ್ಕಿನ ತಂತಿಯ ಹಿಡಿತ ಬಿಡುತ್ತದೆ. ಹೆದ್ದಾರಿಯ ಬದಿಯಲ್ಲಿ ಹಾವಿನ ಪೊರೆಯಂತೆ ಬಿದ್ದಿರುವ ಟೈರಿನ ಚೂರುಗಳಲ್ಲಿ ಎಷ್ಟೋ ಹೀಗೆ ಬಂದವು. ನೂರು ಕಿಲೋಮೀಟರ್ ಹಿಂದೆ ಶುರುವಾದ ಕಾಯಿಲೆಯನ್ನು ಜನ ‘ಬಿಸಿಲಿಗೆ ಟೈರ್ ಬರ್ಸ್ಟ್ ಆಯ್ತು’ ಎಂದು ಬಿಸಿಲಿನ ಮೇಲೆ ಹಾಕುತ್ತಾರೆ.

ಹಾಗಾಗಿ ಗಾಳಿಯನ್ನೂ ವೇಗವನ್ನೂ ಬೇರೆಬೇರೆಯಾಗಿ ಗೊತ್ತುಮಾಡುವಂತಿಲ್ಲ. ಒಂದನ್ನು ಇಳಿಸಿದರೆ ಇನ್ನೊಂದನ್ನೂ ಇಳಿಸಬೇಕು. ನನ್ನ ಗ್ರಾಹಕರು ಕೇಳಿದ್ದು ಮೊದಲನೆಯದನ್ನು ಮಾತ್ರ.

ಮುಂದಿನ ಸಲ ಲಾರಿಯ ಪಕ್ಕ ನಿಂತಾಗ ಟೈರಿನ ಗೋಡೆ ಓದಿ ನೋಡಿ. ನಮ್ಮ ಹೆದ್ದಾರಿಗಳಲ್ಲಿ ಸಾಮಾನ್ಯವಾದ 10.00ಆರ್20 ಅಳತೆಯ ಟೈರಿನಲ್ಲಿ 146/143ಕೆ ಎಂದಿದ್ದರೆ, ಒಂಟಿ ಚಕ್ರವಾದರೆ 3,000 ಕಿಲೋ, ಜೋಡಿ ಚಕ್ರವಾದರೆ ತಲಾ 2,725 ಕಿಲೋ ಎಂದರ್ಥ. ‘ಕೆ’ ಅಂದರೆ ಗರಿಷ್ಠ 110 ಕಿಲೋಮೀಟರ್ ವೇಗ. ಅಷ್ಟು ಭಾರ ಹೊರಲು ಬೇಕಾದ ಗಾಳಿ 120 ಪೌಂಡ್. ಜೋಡಿಗೆ ಕಡಿಮೆ ಯಾಕೆಂದರೆ ಎರಡೂ ಟೈರು ಭಾರವನ್ನು ಸಮ ಹಂಚಿಕೊಳ್ಳುವುದು ಕಾಗದದ ಮೇಲೆ ಮಾತ್ರ. ಒಂದರಲ್ಲಿ ಗಾಳಿ ಇಳಿದರೆ ಇನ್ನೊಂದು ಸದ್ದಿಲ್ಲದೆ ಅದರ ಪಾಲನ್ನೂ ಹೊರುತ್ತದೆ.

ಆ 120 ಎಲ್ಲ ಸಮಯಕ್ಕೂ ಅಲ್ಲ, ಪೂರ್ತಿ ಭಾರಕ್ಕೆ. ಖಾಲಿ ಲಾರಿಗೂ 120 ಹೊಡೆಸಿದರೆ ಅದು ಚೆಂಡಿನಂತೆ ಪುಟಿಯುತ್ತದೆ, ಟೈರಿನ ನಡುಭಾಗ ಮಾತ್ರ ಸವೆಯುತ್ತದೆ, ಬ್ರೇಕ್ ಹಾಕಿದಾಗ ಹಿಡಿತ ಕಡಿಮೆ. ಭಾರ ಕಾಲು ಭಾಗ ಇಳಿದರೆ ಗಾಳಿಯನ್ನು ಸುಮಾರು ಶೇ 30ರಷ್ಟು ಇಳಿಸಬಹುದು ಎಂಬುದು ಟೈರ್ ಮಾನದಂಡಗಳ ಒಂದು ಸ್ಥೂಲ ಸೂತ್ರ. ಅಂದರೆ 3,000ದ ಬದಲು 2,250 ಕಿಲೋ ಇದ್ದರೆ 84 ಪೌಂಡಿನ ಆಸುಪಾಸು. ಆದರೆ ಸೂತ್ರ ನಮ್ಮಂಥವರ ತೃಪ್ತಿಗೆ. ಚಾಲಕನಿಗೆ ಬೇಕಾದ್ದು ಆ ಟೈರಿನ ತಯಾರಕರು ಅಚ್ಚು ಹಾಕಿಸಿದ ಪಟ್ಟಿ. ಅದರಲ್ಲಿ ಕೊಟ್ಟ ಕನಿಷ್ಠಕ್ಕಿಂತ ಕೆಳಗೆ ಹೋಗುವಂತಿಲ್ಲ. ಭಾರವನ್ನೂ ಇಡೀ ಲಾರಿಯದ್ದು ತೂಗಿದರೆ ಸಾಲದು, ಒಂದೊಂದು ಆ್ಯಕ್ಸಲ್ ಬೇರೆಬೇರೆ ತೂಗಬೇಕು; ಹಿಂದಕ್ಕೆ ಸರಿದ ಜನರೇಟರ್ ಒಂದು ಸಾಕು, ಮುಂದಿನ ಚಕ್ರದ ಲೆಕ್ಕ ಬೇರೆ, ಹಿಂದಿನದರ ಲೆಕ್ಕ ಬೇರೆ ಆಗಲು.

ಸೇನೆಗಳಿಗೆ ಈ ಪಾಠ ಮರಳಿನಲ್ಲಿ ಸಿಕ್ಕಿತು. ಬ್ರಿಟಿಷ್ ಸೇನೆಯ ರಾಲ್ಫ್ ಬ್ಯಾಗ್ನೋಲ್ಡ್ 1920ರ ದಶಕದ ಕೊನೆಯಲ್ಲಿ ಈಜಿಪ್ಟ್ ಕಡೆಯ ಮರುಭೂಮಿಯಲ್ಲಿ ಫೋರ್ಡ್ ಕಾರುಗಳನ್ನು ಓಡಿಸುತ್ತಾ ಟೈರಿನ ಗಾಳಿ ಇಳಿಸುವುದನ್ನು ರೂಢಿ ಮಾಡಿಕೊಂಡಿದ್ದರು. 1940ರಲ್ಲಿ ಅವರೇ ಕಟ್ಟಿದ ಮರುಭೂಮಿ ಪಡೆಯ ಲಾರಿಗಳು ಅದೇ ಉಪಾಯದಿಂದ ಮರಳುಗುಡ್ಡ ದಾಟಿದವು. ಅದಾದ ಎರಡು ವರ್ಷಕ್ಕೆ ಅಮೆರಿಕದವರು ನೀರಲ್ಲೂ ನೆಲದಲ್ಲೂ ಓಡುವ ‘ಡಕ್’ ಎಂಬ ಆರು ಚಕ್ರದ ಲಾರಿ ಮಾಡಿದರು. ಅದರಲ್ಲಿ ಚಾಲಕ ಕೂತಲ್ಲಿಂದಲೇ ಟೈರಿನ ಗಾಳಿ ಏರಿಸಿ ಇಳಿಸಬಹುದಿತ್ತು. ಸಮುದ್ರದಿಂದ ಮೆತ್ತನೆಯ ದಡಕ್ಕೆ ಏರುವಾಗ ಕಡಿಮೆ, ಗಟ್ಟಿ ರಸ್ತೆ ಸಿಕ್ಕಾಗ ಹೆಚ್ಚು. ಟಾಟ್ರಾದಂಥ ಭಾರೀ ಲಾರಿಗಳಲ್ಲಿ ಬಂದದ್ದು ಅದೇ ವಿದ್ಯೆ.

ಇಂಥ ಲಾರಿಗಳ ಕ್ಯಾಬಿನ್ನಿನಲ್ಲಿ ಸಾಮಾನ್ಯವಾಗಿ ನಾಲ್ಕು ಗುಂಡಿ: ಹೆದ್ದಾರಿ, ಕಚ್ಚಾದಾರಿ, ಮರಳು-ಕೆಸರು, ತುರ್ತು. ನನಗೆ ಮೆಚ್ಚುಗೆಯಾದದ್ದು ಗುಂಡಿಗಳಿಗಿಂತ ಅವುಗಳ ಜೊತೆ ಬರುವ ವೇಗದ ಮಿತಿ. ಕಚ್ಚಾದಾರಿಗೆ ಗಂಟೆಗೆ ಸುಮಾರು 65 ಕಿಲೋಮೀಟರ್, ಮರಳಿಗೆ 20, ತುರ್ತಿಗೆ 8, ಅಂದರೆ ಬಿರುಸಿನ ನಡಿಗೆಗಿಂತ ಸ್ವಲ್ಪ ಹೆಚ್ಚು. ತುರ್ತು ಎಂದು ಕೆಂಪು ಗುಂಡಿ ಇದ್ದರೆ ನಾವು ಜೋರಾಗಿ ಓಡಲು ಅಂದುಕೊಳ್ಳುತ್ತೇವೆ. ಅಲ್ಲಿ ಅದು ಅತಿ ನಿಧಾನದ ಗುಂಡಿ. ಹೂತುಹೋದ ಜಾಗದಿಂದ ತೆವಳಿಕೊಂಡು ಹೊರಬರಲಿಕ್ಕೆ ಮಾತ್ರ.

ಗುಂಡಿಗಳಿಲ್ಲದ ಲಾರಿಗಳ ಕಥೆ ಕೇಳಲು ನಾನು ಫೋನ್ ಮಾಡಿದ್ದು ನನ್ನ ಸೋದರಮಾವನಿಗೆ. ಸೇನೆಯ ಸರಬರಾಜು ವಿಭಾಗವಾದ ಎಎಸ್‌ಸಿಯಲ್ಲಿ ಲಾರಿ ಓಡಿಸಿದವರು. ಬೆಂಗಳೂರಿನಲ್ಲೇ ತರಬೇತಿ, ಆಮೇಲೆ ಜೈಸಲ್ಮೇರ್, ಲಡಾಖ್. ಈಗ ಸೋಮವಾರಪೇಟೆ ಹತ್ತಿರ ಕಾಫಿ, ಮೆಣಸು.

‘ಮಾವ, ಮರಳಲ್ಲಿ ನೀವು ಎಷ್ಟಕ್ಕೆ ಇಳಿಸ್ತಿದ್ರಿ?’

‘ಎಷ್ಟಕ್ಕೆ ಅನ್ನೋದು ಆಮೇಲೆ ಕಣೋ. ಗಾಳಿ ಬಿಡೋಕೆ ಹತ್ತು ನಿಮಿಷ, ತುಂಬೋಕೆ ಅರ್ಧ ದಿನ. ಅದಕ್ಕೇ ಮೊದಲು ಯಾರೂ ಬಿಡೋಕೆ ಒಪ್ಪಲ್ಲ. ಬಿಟ್ಟೋರು ತುಂಬೋಕೆ ಒಪ್ಪಲ್ಲ. ನಮ್ಮ ಉಸ್ತಾದ್ ರೋಡ್ ಸಿಕ್ಕಿದ ಕಡೆ ಎಲ್ಲ ಲಾರಿ ನಿಲ್ಲಿಸಿ, ಗೇಜ್ ಇಟ್ಟು ನೋಡಿ, ಆಮೇಲೇ ಬಿಡ್ತಿದ್ದ. ಎಷ್ಟು ಬೈಕೊಂಡಿದೀವೋ ಅವನ್ನ.’

ಅರ್ಧ ದಿನ ಎಂಬುದು ಮಾವನ ಮಾತಿನ ಧಾರಾಳ. ಆದರೂ ಬ್ರೇಕಿಗೆ ಗಾಳಿ ಕೊಡುವ ಸಣ್ಣ ಕಂಪ್ರೆಸರಿನಿಂದ ದೊಡ್ಡ ಚಕ್ರಗಳನ್ನು ಒಂದೊಂದಾಗಿ ತುಂಬಿಸುವುದು ತಾಳ್ಮೆ ತಿನ್ನುವ ಕೆಲಸವೇ. ಪೂರ್ತಿ ತುಂಬುವ ಮೊದಲೇ ಹೊರಡಬೇಕಾದರೆ ಏನು ಮಾಡುತ್ತಿದ್ದರು ಎಂದು ಕೇಳಿದೆ. ‘ಎಲ್ಲಕ್ಕಿಂತ ಕಮ್ಮಿ ಗಾಳಿ ಇರೋ ಲಾರಿ ಎಷ್ಟು ಸ್ಪೀಡಲ್ಲಿ ಹೋಗಬಹುದೋ ಇಡೀ ಕಾನ್ವಾಯ್ ಅಷ್ಟರಲ್ಲೇ. ಹಿಂದಿನೋನು ಹಾರ್ನ್ ಹೊಡೆದ್ರೂ ಅಷ್ಟೇ’ ಎಂದರು. ಲಾರಿಗೊಂದರಂತಲ್ಲ, ಚಕ್ರಕ್ಕೊಂದರಂತೆ ನೋಡಬೇಕು ಎಂಬುದನ್ನು ನನ್ನ ಪ್ರೋಗ್ರಾಮಿನಲ್ಲಿ ಒಂದು ಸಾಲಾಗಿ ಬರೆದುಕೊಂಡೆ: ಇರುವ ಎಲ್ಲ ಚಕ್ರಗಳಲ್ಲಿ ಅತಿ ಕೆಟ್ಟ ಸ್ಥಿತಿಯದ್ದು ಯಾವುದೋ, ವೇಗ ಗೊತ್ತುಮಾಡುವುದು ಅದು.

ಮರಳಿನ ಮಾತು ಚೆನ್ನೈಗೆ ಯಾಕೆ ಅನ್ನಿಸಬಹುದು. ಇಲ್ಲಿ ಮರಳಿನ ಬದಲು ನೀರು, ಕೆಸರು. 2015ರ ಡಿಸೆಂಬರಿನ ಪ್ರವಾಹದಲ್ಲಿ ತಾಂಬರಂ, ಮುಡಿಚೂರು ಕಡೆ ಸೇನೆ ಇಳಿದಿತ್ತು. ಬಸ್ಸು, ಕಾರು ನಿಂತ ಜಾಗಗಳಿಗೆ ಹೋಗಬಲ್ಲದ್ದು ಎತ್ತರದ ಲಾರಿ ಮಾತ್ರ. ನನ್ನ ಗ್ರಾಹಕರ ಬಾಡಿಗೆ ವ್ಯಾಪಾರಕ್ಕೂ ಅಂಥ ಮಳೆಗಾಲಗಳೇ ಕಾರಣ. ಇಲ್ಲಿನ ಅಪಾಯದ ಕ್ಷಣ ಕೆಸರಿನೊಳಗೆ ಇರುವುದಿಲ್ಲ, ಅಲ್ಲಿ ಎಲ್ಲರೂ ತೆವಳುತ್ತಲೇ ಇರುತ್ತಾರೆ. ಬಡಾವಣೆಯ ಕೆಸರಿಗೆಂದು ಗಾಳಿ ಇಳಿಸಿದ ಲಾರಿ, ಜನರನ್ನು ಹೊತ್ತು ಜಿಎಸ್‌ಟಿ ರಸ್ತೆಗೆ ಹತ್ತಿ, ಮುಂದೆ ಖಾಲಿ ರಸ್ತೆ ಕಂಡು 70ಕ್ಕೆ ಏರಿಸುತ್ತದಲ್ಲ, ಆಗ. ಹಿಂದೆ ನಲವತ್ತು ಜನ ನಿಂತಿರುತ್ತಾರೆ.

ಅಲ್ಲಿ ಬಿಸಿಯ ಜೊತೆ ಇನ್ನೊಂದು ಲೆಕ್ಕವೂ ಸೇರುತ್ತದೆ. ರಸ್ತೆಯ ಮೇಲೆ ನೀರು ನಿಂತಿದ್ದಾಗ ಒಂದು ವೇಗ ದಾಟಿದರೆ ಟೈರು ನೀರನ್ನು ಪಕ್ಕಕ್ಕೆ ತಳ್ಳಲಾರದೆ ಅದರ ಮೇಲೇ ತೇಲುತ್ತದೆ. ಸ್ಟಿಯರಿಂಗ್ ತಿರುಗಿಸಿದರೂ ಲಾರಿ ತಿರುಗದು. ಅಮೆರಿಕದ ನಾಸಾದಲ್ಲಿ ವಾಲ್ಟರ್ ಹಾರ್ನ್ ಎಂಬ ಎಂಜಿನಿಯರ್ 1960ರ ದಶಕದಲ್ಲಿ ವಿಮಾನದ ಟೈರುಗಳಿಗಾಗಿ ಕಂಡುಕೊಂಡ ಸೂತ್ರ ತೀರಾ ಸರಳ: ಗಾಳಿಯ ಪೌಂಡಿನ ವರ್ಗಮೂಲವನ್ನು ಸುಮಾರು 16.7ರಿಂದ ಗುಣಿಸಿದರೆ ತೇಲುವ ವೇಗ ಕಿಲೋಮೀಟರಿನಲ್ಲಿ ಸಿಗುತ್ತದೆ. 100 ಪೌಂಡಿಗೆ 167. ಲಾರಿ ಅಲ್ಲಿಗೆ ಮುಟ್ಟುವುದೇ ಇಲ್ಲ. 25 ಪೌಂಡಿಗೆ 83. ಖಾಲಿ ಲಾರಿಯ ಟೈರು ನೆಲಕ್ಕೆ ತಾಗುವ ಜಾಗ ಗಿಡ್ಡವಾಗಿ ಅಡ್ಡಕ್ಕಿರುವುದರಿಂದ ಅದು ಇನ್ನೂ ಬೇಗ ತೇಲುತ್ತದೆ. ನಮ್ಮ ಕಾನೂನು ಸರಕು ವಾಹನಗಳಿಗೆ ನಾಲ್ಕು ಪಥದ ಹೆದ್ದಾರಿಯಲ್ಲಿ 80, ಊರೊಳಗೆ 60 ಎಂದು 2018ರಲ್ಲಿ ಮಿತಿ ಹಾಕಿದೆ. ಅದು ಎಲ್ಲವೂ ಸರಿ ಇದ್ದಾಗಿನ ಮಿತಿ.

ಇನ್ನು ಗಾಳಿ ಅಳೆಯುವ ಹೊತ್ತು. ಪಟ್ಟಿಯಲ್ಲಿರುವ ಅಂಕಿಯೆಲ್ಲ ತಣ್ಣಗಿರುವ ಟೈರಿಗೆ, ಎಂದರೆ ಕನಿಷ್ಠ ಮೂರು ಗಂಟೆ ನಿಂತ ಲಾರಿಗೆ. 27 ಡಿಗ್ರಿಯಲ್ಲಿ 100 ತುಂಬಿದ ಟೈರು ಓಡಿ 67 ಡಿಗ್ರಿಗೆ ಬಿಸಿಯಾದರೆ ಗೇಜ್ 115 ತೋರಿಸುತ್ತದೆ. ಇದು ಟೈರು ಸಹಜವಾಗಿ ಮಾಡುವ ಕೆಲಸ. ಢಾಬಾದಲ್ಲಿ ಟೀ ಕುಡಿಯಲು ನಿಲ್ಲಿಸಿ, ‘ಜಾಸ್ತಿ ಆಗಿದೆ’ ಎಂದು ಹದಿನೈದು ಪೌಂಡ್ ಬಿಟ್ಟುಬಿಟ್ಟರೆ ಮರುದಿನ ಬೆಳಿಗ್ಗೆ ಅದೇ ಟೈರು 87ರಲ್ಲಿ ನಿಂತಿರುತ್ತದೆ, ಭಾರ ಮಾತ್ರ ಹಾಗೇ ಇರುತ್ತದೆ. ಚೆನ್ನೈಯ ಮೇ ತಿಂಗಳಲ್ಲಂತೂ ಬಿಸಿಲಿನ ಕಡೆಯ ಟೈರಿಗೂ ನೆರಳಿನ ಕಡೆಯದಕ್ಕೂ ಓದುವಿಕೆಯಲ್ಲಿ ವ್ಯತ್ಯಾಸ ಬರುತ್ತದೆ.

ಇದೇ ಲೆಕ್ಕವನ್ನು ಮಾವನ ಲಡಾಖಿಗೆ ಹಾಕಿ ನೋಡಿದೆ. ಎನ್ನೂರಿನಲ್ಲಿ 32 ಡಿಗ್ರಿಯಲ್ಲಿ 100 ಪೌಂಡ್ ತುಂಬಿದ ಚಕ್ರ, 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಮೈನಸ್ 10 ಡಿಗ್ರಿಯಲ್ಲಿ ನಿಂತಿದ್ದರೆ ಏನಾಗುತ್ತದೆ? ಚಳಿಗೆ ಒಳಗಿನ ಗಾಳಿ ಕುಗ್ಗಿ ಒತ್ತಡ ಇಳಿಯುತ್ತದೆ. ಆದರೆ ಎತ್ತರದಲ್ಲಿ ಹೊರಗಿನ ಒತ್ತಡವೂ ಕಡಿಮೆ ಇರುವುದರಿಂದ ಗೇಜ್ ಸ್ವಲ್ಪ ಏರಿಸಿ ತೋರಿಸುತ್ತದೆ. ಎರಡೂ ಸೇರಿ ಗೇಜಿನಲ್ಲಿ 90ರ ಸುತ್ತ. ಯಾರೂ ಮುಟ್ಟದೆ, ಎಲ್ಲೂ ಸೋರದೆ ಹತ್ತು ಪೌಂಡ್ ಕಾಣೆ. ಮಾವನಿಗೆ ಹೇಳಿದರೆ, ‘ಅದಕ್ಕೇ ನಮಗೆ ದಿನಾ ಬೆಳಿಗ್ಗೆ ಗೇಜ್ ಇಡಿಸ್ತಿದ್ರು, ಇದಕ್ಕೆ ಎಂಟೆಕ್ ಬೇಕಾ’ ಎಂದರು.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ಓಡುವ ಟೈರಲ್ಲ, ನಿಂತ ಟೈರು. ಹಳೆಯ ಸೇನಾ ಲಾರಿಗಳಲ್ಲಿ, ಎಷ್ಟೋ ಸಾಮಾನ್ಯ ಲಾರಿಗಳಲ್ಲಿ ಕೂಡ, ಚಕ್ರದ ರಿಮ್ ಒಂದೇ ತುಂಡಲ್ಲ. ಪಕ್ಕದಲ್ಲೊಂದು ಉಕ್ಕಿನ ಲಾಕ್ ರಿಂಗ್ ಇರುತ್ತದೆ. ಗಾಳಿ ಬಹಳ ಇಳಿದ ಮೇಲೂ ಓಡಿದ್ದರೆ ಆ ರಿಂಗ್ ಸ್ಥಾನ ತಪ್ಪಿರಬಹುದು, ಟೈರಿನ ಗೋಡೆಯೊಳಗಿನ ಉಕ್ಕಿನ ಎಳೆಗಳು ಒಂದೊಂದಾಗಿ ಮುರಿದಿರಬಹುದು. ಹೊರಗೆ ಏನೂ ಕಾಣದು. ಅಂಥದ್ದಕ್ಕೆ ನೇರ ಗಾಳಿ ಹೊಡೆಯಲು ಕೂತರೆ ಗೋಡೆ ಜಿಪ್ ಬಿಚ್ಚಿದಂತೆ ಸೀಳುತ್ತದೆ, ಇಲ್ಲವೇ ರಿಂಗ್ ಗುಂಡಿನಂತೆ ಹಾರುತ್ತದೆ. ಮುಂದೆ ಕೂತವನು ಉಳಿಯುವುದು ಅದೃಷ್ಟ. ಇರಬೇಕಾದ ಒತ್ತಡದ ಶೇ 80ಕ್ಕೆ ಅಥವಾ ಅದಕ್ಕಿಂತ ಕೆಳಗಿಳಿದು ಓಡಿದ ಟೈರನ್ನು ಲಾರಿಯಲ್ಲಿ ಇದ್ದಂತೆಯೇ ತುಂಬಬಾರದು. ಬಿಚ್ಚಿ, ಒಳಗೆ ನೋಡಿ, ಕಬ್ಬಿಣದ ಪಂಜರದೊಳಗಿಟ್ಟು, ಉದ್ದ ಪೈಪಿನಿಂದ ದೂರ ನಿಂತು ತುಂಬಬೇಕು ಎಂಬುದು ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮ. ನಮ್ಮ ಹೆದ್ದಾರಿಯ ಎಷ್ಟೋ ಪಂಕ್ಚರ್ ಅಂಗಡಿಗಳಲ್ಲಿ ಪಂಜರ ನಾನು ಕಂಡಿಲ್ಲ. ರಿಂಗಿನ ಮೇಲೆ ಕಾಲಿಟ್ಟು ಗಾಳಿ ಹೊಡೆಯುವ ಹುಡುಗರನ್ನು ಕಂಡಿದ್ದೇನೆ. ಮರಳಿಗೆಂದು ಬೇಕೆಂದೇ ಇಳಿಸಿ, ಪಟ್ಟಿಯ ವೇಗದಲ್ಲೇ ಓಡಿಸಿದ ಟೈರಿನ ಮಾತು ಬೇರೆ. ಎರಡನ್ನೂ ಬೇರೆ ಮಾಡಲು ಲಾರಿ ಯಾವ ಗಾಳಿಯಲ್ಲಿ ಎಷ್ಟು ವೇಗವಾಗಿ ಓಡಿತು ಎಂಬ ದಾಖಲೆ ಬೇಕು, ಅದು ಸೆನ್ಸರಿನಿಂದ ಸಿಗುತ್ತದೆ.

ಮೂರನೇ ಮೀಟಿಂಗಿನಲ್ಲಿ ಗ್ರಾಹಕರು ಒಪ್ಪಿದ್ದು ಈ ಕೊನೆಯ ವಿಷಯಕ್ಕೆ. ಅವರ ಅಂಗಳದಲ್ಲೂ ಗಾಳಿ ಹೊಡೆಯುವ ಒಬ್ಬ ಹುಡುಗ ಇದ್ದಾನೆ.

ಈಗ ಪರದೆ ಮೊದಲು ಎರಡು ಪ್ರಶ್ನೆ ಕೇಳುತ್ತದೆ: ಭಾರ ಎಷ್ಟು, ನೆಲ ಯಾವುದು. ಲಾರಿ ಎಷ್ಟು ಹೊತ್ತು ನಿಂತಿದೆ ಎಂಬುದನ್ನು ತಾನೇ ನೋಡಿಕೊಳ್ಳುತ್ತದೆ, ಟೈರು ಬಿಸಿ ಇದ್ದರೆ ಗಾಳಿ ಬಿಡಬೇಡಿ ಎನ್ನುತ್ತದೆ. ಆಮೇಲೆ ಗಾಳಿ, ವೇಗ ಎರಡು ಅಂಕಿಯನ್ನೂ ಒಂದೇ ಅಳತೆಯ ಅಕ್ಷರದಲ್ಲಿ ಅಕ್ಕಪಕ್ಕ ತೋರಿಸುತ್ತದೆ. ವೇಗ ದಾಟಿದರೆ ಬೀಪ್. ಮಿತಿಗಿಂತ ಕಡಿಮೆ ಗಾಳಿಯಲ್ಲಿ ಜೋರಾಗಿ ಓಡಿದ ಚಕ್ರದ ಚಿತ್ರದ ಮೇಲೆ ‘ಬಿಚ್ಚಿ ನೋಡದೆ ಗಾಳಿ ಹೊಡೆಯಬೇಡಿ’ ಎಂದು ತಮಿಳಿನಲ್ಲಿ ಬರುತ್ತದೆ, ಯಾರಾದರೂ ನೋಡಿದ್ದೇನೆ ಎಂದು ಒತ್ತುವ ತನಕ ಹೋಗುವುದಿಲ್ಲ. ಈಶಾನ್ಯ ಮಾರುತದ ಮಳೆ ಹಿಡಿಯುವ ಮೊದಲು ಆರು ಲಾರಿಗಳಲ್ಲಿ ಹಾಕಿ ನೋಡುತ್ತಿದ್ದೇವೆ. ಬೀಪ್ ಶಬ್ದ ತುಂಬಾ ಜೋರು ಎಂದು ಚಾಲಕರ ದೂರು ಬಂದಿದೆ. ಅದನ್ನು ತಗ್ಗಿಸಿಲ್ಲ.